ನಂಬದವರ ಪುಣ್ಯದಿನ

ಈಸ್ಟರ್ ಹಬ್ಬದ ನಾಲ್ಕು ದಿನಗಳಲ್ಲಿ ಜರ್ಮನಿಯ ಲೈಪ್‌ಜಿಗ್ ನಗರವನ್ನು ನೋಡಬೇಕೆಂದು ಹೋದ ಪರದೇಶಿಯು, ಹೊರಡುವ ಮುನ್ನ ಆ ದೇಶದ ರಜಾದಿನಗಳ ಪಟ್ಟಿಯ ಮೇಲೆ ಕಣ್ಣು ಹಾಯಿಸದೆ ಹೊರಟವನಾದರೆ, ಶುಭ ಶುಕ್ರವಾರದ ಬೆಳಗ್ಗೆ ತನ್ನ ಎಣಿಕೆಯೆಲ್ಲ ತಲೆಕೆಳಗಾದುದನ್ನು ಕಾಣುತ್ತಾನೆ. ಹಿಂದಿನ ಸಂಜೆಯವರೆಗೆ ಜನರಿಂದ ಗಿಜಿಗುಟ್ಟುತ್ತಿದ್ದ ಪೇಟೆಯ ಬೀದಿಗಳಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದೆ. ಟ್ರಾಮುಗಳು ಭಾನುವಾರದ ವೇಳಾಪಟ್ಟಿಯನ್ನನುಸರಿಸಿ ವಿರಳವಾಗಿ ಬಂದು ಹೋಗುತ್ತವೆ. ಕುಡಿಯಲು ಒಂದಿಷ್ಟು ಹಾಲು ಬೇಕೆಂದರೂ ರೈಲುನಿಲ್ದಾಣದೊಳಗಿನ ಮಳಿಗೆಗಳವರೆಗೆ ನಡೆಯಬೇಕು. ಶನಿವಾರ ಅಂಗಡಿಗಳು ತೆರೆಯುತ್ತವೆ, ಭಾನುವಾರ ಮತ್ತೆ ಮುಚ್ಚುತ್ತವೆ, ಸೋಮವಾರವೂ ಮುಚ್ಚಿಯೇ ಇರುತ್ತವೆ. ನಾಲ್ಕು ದಿನಗಳಲ್ಲಿ ಮೂರನ್ನು ವ್ಯಾಪಾರದ ಕೈಗೆ ಸಿಕ್ಕದಂತೆ ಕಾನೂನು ಕಾಯುತ್ತದೆ. ಹೋಟೆಲು ಕಾಫಿಮನೆಗಳಿಗೆ ಅಡ್ಡಿಯಿಲ್ಲ. ಆದರೆ ಶುಕ್ರವಾರ ಮೌನದ ದಿನವಾದ್ದರಿಂದ ಅಂದು ಸಾರ್ವಜನಿಕ ನೃತ್ಯಕೂಟಗಳಿಗೆ ನಿಷೇಧವುಂಟು.

ಇಷ್ಟನ್ನು ಕೇಳಿದವರು ಇದೊಂದು ದೈವಭಕ್ತರ ಊರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಲೈಪ್‌ಜಿಗ್ ಯೂರೋಪಿನಲ್ಲಿಯೇ ಅತ್ಯಂತ ಧರ್ಮವಿಮುಖವಾದ ನಗರಗಳಲ್ಲಿ ಒಂದು. ಅಲ್ಲಿಯ ಹತ್ತು ಮಂದಿ ನಿವಾಸಿಗಳಲ್ಲಿ ಎಂಟಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಯಾವ ಚರ್ಚಿಗೂ ಸೇರಿದವರಲ್ಲ; ಅವರಲ್ಲಿ ಬಹುಮಂದಿಯ ತಂದೆತಾಯಿಗಳೂ ಸೇರಿದವರಾಗಿರಲಿಲ್ಲ. ಕ್ರಿಸ್ತನು ಶಿಲುಬೆಯ ಮೇಲೆ ಪ್ರಾಣಬಿಟ್ಟುದು ತಮ್ಮ ಪಾಪಗಳಿಗಾಗಿ ಎಂಬುದನ್ನು ಅವರು ನಂಬುವುದಿಲ್ಲ, ಮೂರನೆಯ ದಿನ ಅವನು ಸಮಾಧಿಯಿಂದ ಎದ್ದನೆಂಬುದನ್ನಂತೂ ನಂಬುವುದೇ ಇಲ್ಲ. ಆದರೂ ಆ ದಿನಗಳು ಬಂದಾಗ ಇಡೀ ಊರು ಕೈಕಟ್ಟಿ ಕುಳಿತುಕೊಳ್ಳುತ್ತದೆ. ನಂಬುವವರಿಲ್ಲದ ಊರಿನಲ್ಲಿ ಪುಣ್ಯದಿನವು ಪುಣ್ಯದಿನವಾಗಿ ಉಳಿಯುವುದು ಸಾಧ್ಯವೆ? ಪಾವಿತ್ರ್ಯವೆಂಬುದು ಕಾಲದಲ್ಲಿ ಇರತಕ್ಕದ್ದೋ, ಅದನ್ನು ಆಚರಿಸುವವನ ಅಂತಃಕರಣದಲ್ಲಿ ಇರತಕ್ಕದ್ದೋ? ಮಾಡಲು ಬೇರೆ ಕೆಲಸವಿಲ್ಲದೆ ಆ ಬೀದಿಗಳಲ್ಲಿ ಅಲೆಯುತ್ತಿದ್ದ ನನಗೆ ಹುಟ್ಟಿದ ಪ್ರಶ್ನೆ ಇದು.

ಜನರು ಹೀಗಾದುದಕ್ಕೆ ಇತಿಹಾಸದ ಕಾರಣವುಂಟು. ಎರಡನೆಯ ಮಹಾಯುದ್ಧದ ಅನಂತರ ಪೂರ್ವ ಜರ್ಮನಿಯಲ್ಲಿ ಸ್ಥಾಪಿತವಾದ ಸಮತಾವಾದಿ ಸರ್ಕಾರವು ನಾಲ್ಕು ದಶಕಗಳ ಕಾಲ ಧರ್ಮವನ್ನು ಸಮಾಜದ ಅಂಚಿಗೆ ತಳ್ಳುತ್ತ ಬಂದಿತು. ಯುದ್ಧದ ಬಾಂಬುಗಳಿಂದ ತಪ್ಪಿಸಿಕೊಂಡು ನಿಂತಿದ್ದ ಲೈಪ್‌ಜಿಗ್ ವಿಶ್ವವಿದ್ಯಾನಿಲಯದ ಪ್ರಾಚೀನ ಚರ್ಚನ್ನು, ನಗರದ ಹೊಸ ವಿನ್ಯಾಸಕ್ಕೆ ಅದು ಅಡ್ಡಿಯೆಂದು ಹೇಳಿ, 1968ರ ಮೇ 30ರಂದು ಸಿಡಿಮದ್ದಿಟ್ಟು ಉರುಳಿಸಿದರು. ಅದಕ್ಕೆ ಹಿಂದಿನ ವರ್ಷ, ಕಾರ್ಮಿಕರಿಗೆ ವಾರಕ್ಕೆ ಐದೇ ದಿನಗಳ ಕೆಲಸವೆಂಬ ಸವಲತ್ತನ್ನು ಕೊಟ್ಟಾಗ, ಅದರ ಬೆಲೆಯಾಗಿ ಪಂಚಾಂಗದಿಂದ ಹಲವು ರಜೆಗಳನ್ನು ತೆಗೆದುಹಾಕಿದರು: ಈಸ್ಟರ್ ಸೋಮವಾರ ಹೋಯಿತು, ಕ್ರಿಸ್ತನ ಸ್ವರ್ಗಾರೋಹಣದ ದಿನ ಹೋಯಿತು, ಲೂಥರನ ಸುಧಾರಣೆಯ ಸ್ಮರಣದಿನ ಹೋಯಿತು. ಶುಭ ಶುಕ್ರವಾರವನ್ನು ಮಾತ್ರ ಆ ಸರ್ಕಾರವೂ ಮುಟ್ಟಲಿಲ್ಲ. ಕಳೆದುಹೋದ ಸೋಮವಾರವಾದರೋ ಬೇರೊಂದು ದಾರಿಯಿಂದ ಹಿಂದಿರುಗಿತು. ಸಂತ ನಿಕೋಲಾಸರ ಚರ್ಚಿನಲ್ಲಿ 1980ರ ದಶಕದಲ್ಲಿ ಪ್ರತಿ ಸೋಮವಾರ ಸಂಜೆ ಸೇರುತ್ತಿದ್ದ ಶಾಂತಿಪ್ರಾರ್ಥನೆಯೇ ಬೆಳೆದು, 1989ರ ಅಕ್ಟೋಬರ್ 9ರ ಸೋಮವಾರದಂದು ಸುಮಾರು 70,000 ಜನರ ನಿಶ್ಶಸ್ತ್ರ ಮೆರವಣಿಗೆಯಾಗಿ ನಗರದ ವರ್ತುಲರಸ್ತೆಯನ್ನು ತುಂಬಿ ಆ ರಾಜ್ಯವ್ಯವಸ್ಥೆಯ ಬುಡವನ್ನೇ ಸಡಿಲಿಸಿತು. ಜರ್ಮನಿ ಒಂದಾದ ಮೇಲೆ ರಜೆಗಳು ಮರಳಿ ಬಂದವು. ನಂಬಿಕೆ ಮಾತ್ರ ಅವುಗಳ ಹಿಂದೆಯೇ ಮರಳಿ ಬರಲಿಲ್ಲ.

ನಮ್ಮ ಕಡೆಯಿಂದ ಹೋದವನಿಗೆ ಈ ನಿಶ್ಶಬ್ದವು ಇಮ್ಮಡಿಯಾಗಿ ವಿಚಿತ್ರವೆನಿಸುತ್ತದೆ. ನಮ್ಮಲ್ಲಿ ಪರ್ವಕಾಲವೆಂದರೆ ಊರು ಬರಿದಾಗುವ ಕಾಲವಲ್ಲ, ತುಂಬುವ ಕಾಲ. ಗೌರಿ ಗಣೇಶನ ಹಬ್ಬದ ಹಿಂದಿನ ರಾತ್ರಿ ಹೂವಿನ ಅಂಗಡಿಗಳು ಮಲಗುವುದೇ ಇಲ್ಲ. ಹಬ್ಬದ ದಿನ ಮನೆಯ ಹೆಂಗಸರಿಗೆ ವರ್ಷದ ಯಾವ ದಿನಕ್ಕೂ ಇಲ್ಲದಷ್ಟು ಕೆಲಸ. ಕೆಲಸವನ್ನು ನಿಲ್ಲಿಸುವುದೇ ಒಂದು ಆರಾಧನೆ ಎಂಬ ಭಾವನೆ ನಮ್ಮ ಸಾಮಾನ್ಯ ಧರ್ಮಾಚರಣೆಯಲ್ಲಿ ಪ್ರಧಾನವಾಗಿಲ್ಲ. ಅದು ಕಾಣಬರುವುದು ಎರಡು ಮೂಲೆಗಳಲ್ಲಿ. ಒಂದು, ವೇದಪಾಠಶಾಲೆಗಳ ಅನಧ್ಯಾಯ: ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಗಳಂದು ವೇದಪಾಠ ಕೂಡದೆಂಬ ಕಟ್ಟಳೆ. ಅಲ್ಲಿ ನಿಲ್ಲುವುದು ಲೌಕಿಕ ವ್ಯಾಪಾರವಲ್ಲ, ಪವಿತ್ರವಾದ ಕಾರ್ಯವೇ. ಇದರ ಸ್ವಾರಸ್ಯವನ್ನು ವಿವರಿಸಹೊರಟರೆ ಬೇರೊಂದು ಪ್ರಬಂಧವಾದೀತು. ಇನ್ನೊಂದು, ಕರ್ಣಾಟಕದ ಅನೇಕ ಭಾಗಗಳ ರೈತರು ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲವೆಂಬ ಹಳೆಯ ವ್ರತ. ಸೋಮವಾರ ಶಿವನ ದಿನ, ಬಸವಣ್ಣನಾದ ಎತ್ತು ಶಿವನ ವಾಹನ. ಅಂದು ಅವನ ಹೆಗಲನ್ನು ನೋಯಿಸಬಾರದು. ರೈತನು ಬದು ಕಡಿಯಬಹುದು, ಕಳೆ ಕೀಳಬಹುದು, ಸಂತೆಗೆ ಹೋಗಬಹುದು. ಎತ್ತು ಮಾತ್ರ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರಬೇಕು.

ಎತ್ತಿನ ಮಾತು ಬಂದುದರಿಂದ ಯೆಹೂದ್ಯರ ಧರ್ಮಶಾಸ್ತ್ರದ ಕಡೆಗೆ ತಿರುಗುವುದು ಸುಲಭವಾಯಿತು. ಏಕೆಂದರೆ ಯೂರೋಪಿನ ವಾರದ ವಿರಾಮಕ್ಕೆಲ್ಲ ಮೂಲಪುರುಷನಾದ ಸಬ್ಬತ್ ದಿನದ ಆಜ್ಞೆಯಲ್ಲಿಯೂ ಎತ್ತು ಬರುತ್ತದೆ. ಸತ್ಯವೇದದಲ್ಲಿ ಈ ಆಜ್ಞೆಯನ್ನು ಎರಡು ಕಡೆ ಹೇಳಿದೆ, ಎರಡು ಕಡೆಗಳಲ್ಲಿಯೂ ಕಾರಣ ಬೇರೆ. ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದನಾದ್ದರಿಂದ ನೀವೂ ವಿಶ್ರಮಿಸಿರಿ ಎಂದು ವಿಮೋಚನಕಾಂಡ ಹೇಳುತ್ತದೆ. ಇದನ್ನು ಒಪ್ಪಬೇಕಾದರೆ ದೇವರನ್ನೂ ಅವನ ಸೃಷ್ಟಿಯನ್ನೂ ಒಪ್ಪಬೇಕು. ಧರ್ಮೋಪದೇಶಕಾಂಡದಲ್ಲಿಯಾದರೋ ಕಾರಣ ಬದಲಾಗಿದೆ: ನೀವು ಐಗುಪ್ತ ದೇಶದಲ್ಲಿ ದಾಸರಾಗಿದ್ದಿರಿ, ಅದನ್ನು ನೆನೆಯಿರಿ, ನಿಮ್ಮ ದಾಸನೂ ದಾಸಿಯೂ ನಿಮ್ಮಂತೆಯೇ ವಿಶ್ರಮಿಸಲಿ. ಬಿಡುವಿಲ್ಲದೆ ದುಡಿಸಿಕೊಂಡವನಿಗೆ ಬಿಡುವಿನ ಬೆಲೆ ತಿಳಿಯುತ್ತದೆ ಎಂಬ ಈ ಎರಡನೆಯ ಕಾರಣವು ಆಸ್ತಿಕನ ಹೃದಯವನ್ನು ಮುಟ್ಟುವಷ್ಟೇ ನಾಸ್ತಿಕನ ಹೃದಯವನ್ನೂ ಮುಟ್ಟುತ್ತದೆ. ಎತ್ತು, ಕತ್ತೆ, ಆಳು, ಮಗಳು ಇವರ ಪಟ್ಟಿಯ ಕೊನೆಯಲ್ಲಿ, ಊರಬಾಗಿಲೊಳಗಿರುವ ಪರದೇಶಿಯೂ ವಿಶ್ರಮಿಸಬೇಕೆಂದಿದೆ. ಹಾಲಿಗಾಗಿ ನಿಲ್ದಾಣದವರೆಗೆ ನಡೆಯುತ್ತ ಗೊಣಗುತ್ತಿದ್ದ ನನ್ನಂಥವನ ಹೆಸರನ್ನು ಕೂಡ ಆ ಶಾಸ್ತ್ರಕಾರನು ಸೇರಿಸಿಬಿಟ್ಟಿದ್ದಾನೆ.

ಈ ವಿರಾಮವನ್ನು ಮೊದಲು ರಾಜಾಜ್ಞೆಯನ್ನಾಗಿ ಮಾಡಿದವನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್. 321ರಲ್ಲಿ ಅವನು ಹೊರಡಿಸಿದ ಶಾಸನವು ಸೂರ್ಯನ ವಾರದಂದು ನ್ಯಾಯಾಧೀಶರೂ ಪಟ್ಟಣಿಗರೂ ಕುಶಲಕರ್ಮಿಗಳೂ ವಿರಮಿಸತಕ್ಕದ್ದೆಂದು ವಿಧಿಸಿ, ಹದ ತಪ್ಪಿದರೆ ಬೆಳೆ ಹಾಳಾಗುವುದೆಂಬ ಕಾರಣದಿಂದ ಬೇಸಾಯಗಾರರನ್ನು ಮಾತ್ರ ಬಿಟ್ಟುಕೊಟ್ಟಿತು. ಚಕ್ರವರ್ತಿಯ ವಿರಾಮವು ಪಟ್ಟಣದ ವಿರಾಮ; ಎತ್ತಿಗೂ ಆಳಿಗೂ ಅದರಲ್ಲಿ ಪಾಲಿರಲಿಲ್ಲ. ರಾಜ್ಯವು ಧರ್ಮದ ಆಜ್ಞೆಯನ್ನು ತನ್ನದನ್ನಾಗಿ ಮಾಡಿಕೊಳ್ಳುವಾಗ ಮೊದಲು ಉದುರಿಹೋಗುವುದು ಯಾವ ಅಂಶವೆಂಬುದಕ್ಕೆ ಇದಕ್ಕಿಂತ ಪ್ರಾಚೀನವಾದ ನಿದರ್ಶನ ಬೇಡ.

ಇನ್ನು ಶುಕ್ರವಾರದ ಮಾತು. ಲೈಪ್‌ಜಿಗ್‌ನಲ್ಲಿ ಶುಭ ಶುಕ್ರವಾರವೆಂದರೆ ಯೋಹಾನ್ ಸೆಬಾಸ್ಟಿಯನ್ ಬಾಖ್. 1723ರಿಂದ 1750ರಲ್ಲಿ ಕಾಲವಾಗುವವರೆಗೆ ಅವನು ಸಂತ ಥಾಮಸರ ಚರ್ಚಿನ ಸಂಗೀತಾಧಿಕಾರಿಯಾಗಿದ್ದನು. ಅವನ ಅಸ್ಥಿಗಳು ಈಗ ಇರುವುದೂ ಅಲ್ಲಿಯೇ. ಅಂದಿನ ಲೈಪ್‌ಜಿಗ್‌ನಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ, ನಡುವೆ ಬರುವ ಒಂದು ಹಬ್ಬವನ್ನು ಬಿಟ್ಟರೆ, ಚರ್ಚುಗಳಲ್ಲಿ ವಾದ್ಯಸಹಿತವಾದ ಗಾನಕ್ಕೆ ಅವಕಾಶವಿರಲಿಲ್ಲ. ಕಿವಿಗಳು ಹೀಗೆ ವಾರಗಟ್ಟಲೆ ಉಪವಾಸವಿದ್ದ ಮೇಲೆ, ಶುಕ್ರವಾರದ ಮಧ್ಯಾಹ್ನದ ಪ್ರಾರ್ಥನೆಯಲ್ಲಿ, ಒಂದು ವರ್ಷ ಥಾಮಸರ ಚರ್ಚಿನಲ್ಲಿ, ಮರುವರ್ಷ ನಿಕೋಲಾಸರ ಚರ್ಚಿನಲ್ಲಿ, ಕ್ರಿಸ್ತನ ಯಾತನೆಯ ಕಥೆಯನ್ನು ಸಂಗೀತವಾಗಿ ಹಾಡುತ್ತಿದ್ದರು. ನಡುವೆ ದೀರ್ಘವಾದ ಧರ್ಮೋಪದೇಶ. ಯೋಹಾನನ ಸುವಾರ್ತೆಯನ್ನು ಆಧರಿಸಿದ ಬಾಖನ ಕೃತಿಯನ್ನು ಮೊದಲು ಕೇಳಿದ್ದು 1724ರಲ್ಲಿ ನಿಕೋಲಾಸರ ಚರ್ಚು. ಮತ್ತಾಯನ ಸುವಾರ್ತೆಯ 26 ಮತ್ತು 27ನೆಯ ಅಧ್ಯಾಯಗಳನ್ನು ಆಧರಿಸಿ, ಎರಡು ಗಾಯಕವೃಂದಗಳಿಗೂ ಎರಡು ವಾದ್ಯವೃಂದಗಳಿಗೂ ಹಂಚಿ ರಚಿಸಿದ ಮಹಾಕೃತಿಯನ್ನು ಮೊದಲು ಕೇಳಿದ್ದು 1727ರಲ್ಲಿ ಥಾಮಸರ ಚರ್ಚು ಎಂದು ವಿದ್ವಾಂಸರ ಇಂದಿನ ಅಭಿಪ್ರಾಯ. ಈಗಲೂ ಆ ದಿನಗಳಲ್ಲಿ ಅವುಗಳಲ್ಲಿ ಒಂದನ್ನು, 1212ರಿಂದ ಬಂದಿರುವ ಆ ಚರ್ಚಿನ ಬಾಲಗಾಯಕವೃಂದವು ಅಲ್ಲಿ ಹಾಡುವ ವಾಡಿಕೆಯುಂಟು. ಕೇಳಲು ಬರುವವರಲ್ಲಿ ಭಕ್ತರೂ ಇರುತ್ತಾರೆ, ಸಂಗೀತಕ್ಕಾಗಿಯೇ ದೂರದೇಶಗಳಿಂದ ಬಂದವರೂ ಇರುತ್ತಾರೆ, ಬಾಖನು ತಮ್ಮ ಊರಿನವನೆಂಬ ಒಂದೇ ಕಾರಣಕ್ಕೆ ಬಂದ ಅಭಕ್ತರೂ ಇರುತ್ತಾರೆ.

ಆ ಮತ್ತಾಯನ ಕೃತಿಯ ವಿಷಯದಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅದು ಮುಗಿಯುವುದು ಸಮಾಧಿಯ ಬಳಿ. ಬಾಗಿಲಿಗೆ ಕಲ್ಲನ್ನು ಉರುಳಿಸಿ ಮುದ್ರೆಯೊತ್ತಿ ಕಾವಲಿಟ್ಟಿದ್ದಾರೆ. ಎರಡು ವೃಂದಗಳೂ ಕೂಡಿ, ಒಳಗೆ ಮಲಗಿರುವವನ ದಣಿದ ದೇಹಕ್ಕೆ ಸುಖವಾದ ವಿಶ್ರಾಂತಿಯನ್ನು ಹಾರೈಸಿ, ಜೋಗುಳದಂಥ ಒಂದು ರಾಗದಲ್ಲಿ ಹಾಡನ್ನು ನಿಲ್ಲಿಸುತ್ತವೆ. ಪುನರುತ್ಥಾನದ ಕಥನ ಅಲ್ಲಿ ಬರುವುದಿಲ್ಲ. ಅದು ಭಾನುವಾರದ ವಿಷಯ. ಇದರ ಅರ್ಥವೇನೆಂದರೆ, ಶುಕ್ರವಾರವು ನಂಬದವನಿಂದ ಅಸಾಧ್ಯವಾದುದನ್ನೇನೂ ಕೇಳುವುದಿಲ್ಲ. ನಿರಪರಾಧಿಯೊಬ್ಬನನ್ನು ಅವನ ಸ್ನೇಹಿತರಲ್ಲೊಬ್ಬನು ಹಿಡಿದುಕೊಟ್ಟನು, ಇನ್ನೊಬ್ಬನು ಅವನನ್ನು ಅರಿಯೆನೆಂದನು, ಅಧಿಕಾರಿಯು ಕೈತೊಳೆದುಕೊಂಡನು, ಗುಂಪು ಕೂಗಿತು, ಅವನು ಸತ್ತನು, ಅವನನ್ನು ಹೂಳಿದರು. ಇದರಲ್ಲಿ ಒಪ್ಪಲಾಗದ ಪವಾಡವೇನಿದೆ? ಇಲ್ಲಿಯವರೆಗೆ ಆಸ್ತಿಕನೂ ನಾಸ್ತಿಕನೂ ಜೊತೆಯಾಗಿ ನಡೆದುಬರಬಹುದು; ದಾರಿ ಕವಲೊಡೆಯುವುದು ಸಮಾಧಿಯಿಂದ ಮುಂದೆ. ಪೂರ್ವ ಜರ್ಮನಿಯ ಸರ್ಕಾರವು ಈಸ್ಟರ್ ಸೋಮವಾರವನ್ನು ತೆಗೆದು ಶುಭ ಶುಕ್ರವಾರವನ್ನು ಉಳಿಸಿದುದಕ್ಕೆ ಇಂಥ ತತ್ತ್ವವಿಚಾರವೇ ಕಾರಣವೆಂದು ನಾನು ಹೇಳುವುದಿಲ್ಲ, ಸರ್ಕಾರಗಳು ಅಷ್ಟು ಸೂಕ್ಷ್ಮವಾಗಿ ಆಲೋಚಿಸುವುದಿಲ್ಲ. ಆದರೆ ಫಲವು ತತ್ತ್ವಕ್ಕೆ ಒಪ್ಪುವಂತೆಯೇ ಇದೆ.

ನಂಬದವನ ಮೇಲೆ ಪುಣ್ಯದಿನವು ಬೀರುವ ಬಲವನ್ನು ಜರ್ಮನ್ ಸಾಹಿತ್ಯವು ಮೊದಲೇ ಕಂಡುಕೊಂಡಿತ್ತು. ಲೈಪ್‌ಜಿಗ್‌ಗೆ 1765ರಲ್ಲಿ ಹದಿನಾರು ವರ್ಷದ ವಿದ್ಯಾರ್ಥಿಯಾಗಿ ಬಂದ ಗಯಟೆಯು ಆ ಊರಿನ ನೆಲಮಾಳಿಗೆಯ ಪಾನಗೃಹವೊಂದನ್ನು ತನ್ನ ‘ಫೌಸ್ಟ್’ ನಾಟಕದಲ್ಲಿ ಅಮರಗೊಳಿಸಿದುದನ್ನು ಅಲ್ಲಿಗೆ ಹೋದವರಿಗೆಲ್ಲ ತೋರಿಸುತ್ತಾರೆ. ಆದರೆ 1808ರಲ್ಲಿ ಪ್ರಕಟವಾದ ಆ ಮೊದಲ ಭಾಗದಲ್ಲಿ ನನ್ನ ಪ್ರಶ್ನೆಗೆ ಸಂಬಂಧಿಸಿದ ದೃಶ್ಯ ಬೇರೆ. ಸಕಲಶಾಸ್ತ್ರಗಳನ್ನೂ ಓದಿ ಬೇಸತ್ತ ಫೌಸ್ಟನು ಈಸ್ಟರಿನ ರಾತ್ರಿ ವಿಷದ ಬಟ್ಟಲನ್ನು ತುಟಿಗೆ ಎತ್ತಿದಾಗ, ಬೆಳಗಿನ ಚರ್ಚಿನ ಗಂಟೆಗಳೂ ಗಾನವೂ ಕಿವಿಗೆ ಬೀಳುತ್ತವೆ. ಆ ಸಂದೇಶದಲ್ಲಿ ತನಗೆ ವಿಶ್ವಾಸವಿಲ್ಲವೆಂಬುದನ್ನು ಅವನೇ ಬಾಯಿಬಿಟ್ಟು ಹೇಳುತ್ತಾನೆ. ಹೇಳುತ್ತಲೇ ಬಟ್ಟಲನ್ನು ಕೆಳಗಿಳಿಸುತ್ತಾನೆ. ಅವನನ್ನು ತಡೆದದ್ದು ನಂಬಿಕೆಯಲ್ಲ, ಬಾಲ್ಯದಲ್ಲಿ ಅದೇ ಗಂಟೆಯನ್ನು ಕೇಳಿ ಹೊಲಗಾಡುಗಳಲ್ಲಿ ಓಡಾಡಿದ ನೆನಪು. ಮರುದಿನ ಅವನು ಊರಬಾಗಿಲಿನಿಂದಾಚೆಗೆ ಉಕ್ಕಿಬರುವ ಜನರನ್ನು ನೋಡಿ, ಇವರು ಪ್ರಭುವಿನ ಪುನರುತ್ಥಾನವನ್ನು ಕೊಂಡಾಡುವುದು ತಾವೇ ಇಕ್ಕಟ್ಟಾದ ಮನೆಗಳಿಂದಲೂ ಕತ್ತಲೆಯ ಓಣಿಗಳಿಂದಲೂ ಎದ್ದುಬಂದಿರುವುದರಿಂದ ಎಂಬರ್ಥದ ಮಾತನ್ನಾಡುತ್ತಾನೆ. ಇಂದಿನ ಲೈಪ್‌ಜಿಗ್‌ನ ಜನ ಈಸ್ಟರ್ ಭಾನುವಾರ ಮಾಡುವುದು ಇದನ್ನೇ. ನಗರದ ನಡುವೆಯೇ ಹಬ್ಬಿರುವ ನದೀತೀರದ ಕಾಡಿನಲ್ಲಿ ಏಪ್ರಿಲ್ ತಿಂಗಳಿನಲ್ಲಿ ಕಾಡುಬೆಳ್ಳುಳ್ಳಿಯ ಎಲೆಗಳು ನೆಲ ಕಾಣದಂತೆ ಬೆಳೆದು, ಗಾಳಿಯೆಲ್ಲ ಒಗ್ಗರಣೆಯ ವಾಸನೆಯಾಗಿರುತ್ತದೆ; ಮುದುಕರು, ಮಕ್ಕಳು, ನಾಯಿಗಳು, ತಳ್ಳುಗಾಡಿಯ ಕೂಸುಗಳು ಎಲ್ಲವೂ ಅಲ್ಲಿ. ಉಳಿದವರು ನಗರದ ಅಂಚಿನ ಪುಟ್ಟ ಕೈತೋಟಗಳಲ್ಲಿ ಮಣ್ಣು ಕೆದಕುತ್ತಿರುತ್ತಾರೆ. ಬಾಡಿಗೆಯ ತೋಟಗಳ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೂರಿದುದೇ ಈ ಊರಿನಲ್ಲಿ.

ಆದರೆ ನಡುವಣ ಶನಿವಾರವನ್ನು ಮರೆಯಬಾರದು. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ ದಿನ ಅದು. ಕ್ರೈಸ್ತರ ದೃಷ್ಟಿಯಲ್ಲಿ ಶನಿವಾರವು ದೇವರು ಸಮಾಧಿಯಲ್ಲಿ ಮಲಗಿದ್ದ ದಿನ. ಅದು ಯೆಹೂದ್ಯರ ಸಬ್ಬತ್ ದಿನವೂ ಹೌದು. ಸೃಷ್ಟಿಯನ್ನು ಮುಗಿಸಿದವನು ಏಳನೆಯ ದಿನ ವಿಶ್ರಮಿಸಿದಂತೆ, ಉದ್ಧಾರವನ್ನು ಮುಗಿಸಿದವನು ಅದೇ ಏಳನೆಯ ದಿನ ವಿಶ್ರಮಿಸಿದನೆಂದು ಪ್ರಾಚೀನ ಧರ್ಮಾಚಾರ್ಯರು ಎರಡನ್ನೂ ಜೋಡಿಸಿ ನೋಡಿದ್ದಾರೆ. ವಿಶ್ರಾಂತಿಗೆ ಇದಕ್ಕಿಂತ ಉಚಿತವಾದ ದಿನ ವರ್ಷದಲ್ಲಿ ಬೇರೊಂದಿಲ್ಲ. ಜರ್ಮನಿಯ ಕಾನೂನಿನ ಪ್ರಕಾರವಾದರೋ ಆ ನಾಲ್ಕು ದಿನಗಳಲ್ಲಿ ರಜೆಯಲ್ಲದ್ದು ಅದೊಂದೇ. ಶುಕ್ರವಾರದ ಹಸಿವೂ ಬರಲಿರುವ ಎರಡು ದಿನಗಳ ಭಯವೂ ಸೇರಿ ಜನರನ್ನು ಅಂಗಡಿಗಳಿಗೆ ಅಟ್ಟುತ್ತವೆ. ಬ್ರೆಡ್ಡು, ಮೊಟ್ಟೆ, ಬೆಣ್ಣೆ, ಚಾಕೊಲೇಟಿನ ಮೊಲಗಳು ಗಾಡಿಗಳಲ್ಲಿ ತುಂಬಿ ತುಳುಕುತ್ತವೆ. ಹಣ ಕೊಡುವ ಸಾಲು ಅಂಗಡಿಯ ಹಿಂಬದಿಯವರೆಗೆ ಬೆಳೆಯುತ್ತದೆ. ನೆರೆಯವನ ಮೇಲೆ ಸಣ್ಣಪುಟ್ಟ ಸಿಡುಕು. ದೇವರು ವಿಶ್ರಮಿಸುವ ದಿನ ಊರೆಲ್ಲ ದುಡಿಯುತ್ತದೆ, ಊರು ವಿಶ್ರಮಿಸುವ ದಿನ ದೇವರು ಏಳುತ್ತಾನೆ. ಕಾನೂನು ಕಾಯುವುದು ದಿನದ ಹೊರಗವಚವನ್ನೇ ಹೊರತು ಒಳಗಿನ ಅರ್ಥವನ್ನಲ್ಲವೆಂದು ವಾದಿಸುವವರಿಗೆ ಆ ಶನಿವಾರದ ಸಾಲು ಸಾಕು.

ಆ ಕಾನೂನಿನ ಚರಿತ್ರೆ ಸ್ವಲ್ಪ ಹೇಳಬೇಕು. 1919ರ ವೈಮಾರ್ ಸಂವಿಧಾನದ 139ನೆಯ ವಿಧಿಯು ಭಾನುವಾರವನ್ನೂ ರಾಜ್ಯವು ಮನ್ನಿಸಿದ ಹಬ್ಬಗಳನ್ನೂ ದುಡಿಮೆಯಿಂದ ಬಿಡುವಿಗಾಗಿಯೂ ಚಿತ್ತದ ಉನ್ನತಿಗಾಗಿಯೂ ಮೀಸಲಿಟ್ಟಿತು. 1949ರ ಸಂವಿಧಾನವು ತನ್ನ 140ನೆಯ ವಿಧಿಯ ಮೂಲಕ ಅದನ್ನು ಹಾಗೆಯೇ ಉಳಿಸಿಕೊಂಡಿತು. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳಂದೂ ಅಂಗಡಿ ತೆರೆಯಲು ಬರ್ಲಿನ್ ರಾಜ್ಯವು ಅನುಮತಿ ಕೊಟ್ಟಾಗ, ಚರ್ಚುಗಳು ಸಲ್ಲಿಸಿದ ದೂರಿನ ಮೇಲೆ ಸಂವಿಧಾನ ನ್ಯಾಯಾಲಯವು 2009ರ ಡಿಸೆಂಬರ್ 1ರಂದು ಅದನ್ನು ತಪ್ಪೆಂದಿತು. ಭಾನುವಾರವನ್ನು ಉಳಿಸುವ ಈ ಜಗಳದಲ್ಲಿ ಪಾದ್ರಿಗಳ ಪಕ್ಕದಲ್ಲಿ ನಿಂತವರು ಕಾರ್ಮಿಕಸಂಘದವರು. ಧರ್ಮೋಪದೇಶಕಾಂಡದ ಎರಡನೆಯ ಕಾರಣಕ್ಕೆ ಆಧುನಿಕ ಕಾಲದಲ್ಲಿ ಸಿಕ್ಕ ವಾರಸುದಾರರು ಅವರು. ನೃತ್ಯನಿಷೇಧದ ಕಥೆ ಇಷ್ಟು ಸರಳವಾಗಿಲ್ಲ. ಮ್ಯೂನಿಕ್ ನಗರದಲ್ಲಿ 2007ರ ಶುಭ ಶುಕ್ರವಾರದಂದು ಧರ್ಮವನ್ನೊಪ್ಪದ ಸಂಘವೊಂದು ಮುಚ್ಚಿದ ಸಭಾಂಗಣದಲ್ಲಿ ನೃತ್ಯಸಹಿತವಾದ ಕೂಟವೊಂದನ್ನು ಏರ್ಪಡಿಸಹೊರಟಿತು. ಅಧಿಕಾರಿಗಳು ನೃತ್ಯವನ್ನು ತಡೆದರು. 2016ರಲ್ಲಿ ಅದೇ ನ್ಯಾಯಾಲಯವು, ಆ ದಿನದ ಮೌನವನ್ನು ರಕ್ಷಿಸಲು ರಾಜ್ಯಕ್ಕೆ ಅಧಿಕಾರವಿದೆ, ಆದರೆ ಯಾವ ವಿನಾಯಿತಿಗೂ ಎಡೆಯಿಲ್ಲದಂತೆ ಮಾಡುವುದು ನಂಬದವರ ಸ್ವಾತಂತ್ರ್ಯಕ್ಕೆ ಭಂಗವೆಂದು ತೀರ್ಪಿತ್ತಿತು. ಮೋಸೆಸ್ ಮೆಂಡೆಲ್‌ಸೋನ್ ಎಂಬ ಯೆಹೂದ್ಯ ತತ್ತ್ವಜ್ಞಾನಿಯು 1783ರಲ್ಲಿಯೇ ‘ಜೆರೂಸಲೆಮ್’ ಎಂಬ ಗ್ರಂಥವನ್ನು ಬರೆದು, ಅಂತಃಸಾಕ್ಷಿಯ ವಿಷಯದಲ್ಲಿ ರಾಜ್ಯಕ್ಕಾಗಲಿ ಮತಸಂಸ್ಥೆಗಾಗಲಿ ಬಲಾತ್ಕಾರದ ಅಧಿಕಾರವಿಲ್ಲವೆಂದು ವಾದಿಸಿದ್ದನು. ಆ ಬಲಾತ್ಕಾರದ ವೈರಿಯ ಮೊಮ್ಮಗನಾದ ಫೆಲಿಕ್ಸನೇ, ಜನ ಮರೆತಿದ್ದ ಬಾಖನ ಮತ್ತಾಯ ಕೃತಿಯನ್ನು 1829ರ ಮಾರ್ಚ್ 11ರಂದು ಬರ್ಲಿನ್ನಿನಲ್ಲಿ ಮತ್ತೆ ಹಾಡಿಸಿ, ಅದಕ್ಕೆ ಎರಡನೆಯ ಜನ್ಮವನ್ನು ಕೊಟ್ಟವನು. ಯಾವ ಪೊಲೀಸಿನವನೂ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲದೆ ಶುಭ ಶುಕ್ರವಾರವು ನಂಬದವರ ಹೃದಯವನ್ನು ಪ್ರವೇಶಿಸಿದುದು ಆ ದಾರಿಯಿಂದ.

ಹಾಗಾದರೆ ಕಾನೂನಿನ ಬೇಲಿಯನ್ನು ಕಿತ್ತುಹಾಕಿ, ಬೇಕಾದವನು ಬೇಕಾದ ದಿನ ವಿಶ್ರಮಿಸಲಿ ಎಂದುಬಿಡಬಾರದೇಕೆ? ಇದು ಮೇಲುನೋಟಕ್ಕೆ ಉದಾರವಾದ ಮಾತು. ಇದನ್ನು ಒಂದು ದೇಶ ಪ್ರಯೋಗಿಸಿಯೂ ನೋಡಿತು. 1929ರಲ್ಲಿ ಸೋವಿಯತ್ ರಷ್ಯವು ಏಳು ದಿನಗಳ ವಾರವನ್ನು ತೊಡೆದು, ಕಾರ್ಮಿಕರನ್ನು ಐದು ಪಂಗಡಗಳಾಗಿ ವಿಂಗಡಿಸಿ, ಒಂದೊಂದು ಪಂಗಡಕ್ಕೆ ಒಂದೊಂದು ಬಣ್ಣವನ್ನೂ ಐದು ದಿನಗಳಲ್ಲಿ ಒಂದು ಬಿಡುವಿನ ದಿನವನ್ನೂ ಗೊತ್ತುಮಾಡಿತು. ಯಂತ್ರಗಳು ಒಂದು ದಿನವೂ ನಿಲ್ಲಬೇಕಾಗಿರಲಿಲ್ಲ, ಕಾರ್ಮಿಕನಿಗೆ ಹಿಂದಿಗಿಂತ ಹೆಚ್ಚಾಗಿಯೇ ಬಿಡುವು ಸಿಕ್ಕಿತು, ಭಾನುವಾರವೆಂಬ ದೇವರ ದಿನವೂ ಸದ್ದಿಲ್ಲದೆ ಮಾಯವಾಯಿತು. ಆದರೆ ಗಂಡನದು ಒಂದು ಬಣ್ಣ, ಹೆಂಡತಿಯದು ಇನ್ನೊಂದು ಬಣ್ಣ, ಸ್ನೇಹಿತನದು ಮತ್ತೊಂದು. ಬಿಡುವಿದ್ದವನಿಗೆ ಜೊತೆಯಿಲ್ಲ, ಜೊತೆಗಾರನಿಗೆ ಬಿಡುವಿಲ್ಲ. ಎರಡೇ ವರ್ಷಗಳಲ್ಲಿ ಆ ಏರ್ಪಾಟನ್ನು ಬಿಟ್ಟು ಆರು ದಿನಗಳ ವಾರಕ್ಕೆ ಬಂದರು. 1940ರಲ್ಲಿ ಏಳು ದಿನಗಳ ವಾರವೇ ಹಿಂದಿರುಗಿತು. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ತಂದ ಹತ್ತು ದಿನಗಳ ವಾರವೂ 1806ರ ಆರಂಭಕ್ಕೆ ಇಲ್ಲವಾಗಿತ್ತು. ರಷ್ಯದ ಪ್ರಯೋಗದಿಂದ ಸಿದ್ಧವಾದುದೇನೆಂದರೆ, ಒಬ್ಬೊಬ್ಬನಿಗೆ ಒಂದೊಂದು ದಿನ ಬಿಡುವು ಕೊಟ್ಟು ಎಲ್ಲವನ್ನೂ ಕೂಡಿದರೂ ಅದು ಹಬ್ಬವಾಗುವುದಿಲ್ಲವೆಂಬುದು. ಎಲ್ಲರೂ ಏಕಕಾಲದಲ್ಲಿ ನಿಂತಾಗ ಮಾತ್ರ ಒಂದು ಸಂಗತಿ ಸಂಭವಿಸುತ್ತದೆ: ಯಾರಿಂದಲೂ ಯಾರಿಗೂ ಕೆಲಸದ ಕರೆ ಬರುವಂತಿಲ್ಲ, ನಾನು ನಿಂತೆನೆಂದು ನನ್ನ ಎದುರಾಳಿ ಮುಂದೆ ಹೋಗುವಂತಿಲ್ಲ. ಕಾಲವು ಒಂದು ದಿನದ ಮಟ್ಟಿಗೆ ಯಾರೊಬ್ಬರ ಸ್ವತ್ತೂ ಆಗಿರುವುದಿಲ್ಲ. ಆ ದಿನ ದೇವರಿಗೆ ಸೇರಿದ್ದೆಂದು ಭಕ್ತನು ಹೇಳುತ್ತಾನೆ. ಯಾರಿಗೂ ಸೇರಿದ್ದಲ್ಲವೆಂದು ಅಭಕ್ತನು ಹೇಳುತ್ತಾನೆ. ಇಬ್ಬರ ನಡುವಣ ಅಂತರವು ಅವರು ಭಾವಿಸಿರುವಷ್ಟು ದೊಡ್ಡದೆಂದು ನನಗೆ ತೋರಲಿಲ್ಲ.

ನಮ್ಮ ವೇದಾಂತಗ್ರಂಥಗಳು ಸಾಧಕನಿಗೆ ಹೇಳುವ ಷಟ್ಸಂಪತ್ತಿಯಲ್ಲಿ ಶಮ, ದಮಗಳ ಬೆನ್ನಿಗೆ ಉಪರತಿ, ಎಂದರೆ ವಿರಮಿಸುವಿಕೆ, ಬರುತ್ತದೆ. ಶ್ರದ್ಧೆ ಬರುವುದು ಒಂದು ಗ್ರಂಥದಲ್ಲಿ ಐದನೆಯದಾಗಿ, ಇನ್ನೊಂದರಲ್ಲಿ ಆರನೆಯದಾಗಿ. ಕ್ರಮ ಹೇಗಿದ್ದರೂ ಉಪರತಿಯು ಶ್ರದ್ಧೆಗಿಂತ ಮೊದಲು. ಶಾಸ್ತ್ರಜ್ಞರು ನನ್ನನ್ನು ಆಕ್ಷೇಪಿಸಬಹುದು. ಆ ಉಪರತಿ ಒಬ್ಬ ಮುಮುಕ್ಷುವಿನದು, ಕರ್ಮಸಂನ್ಯಾಸಕ್ಕೆ ಸಂಬಂಧಿಸಿದ್ದು, ಜರ್ಮನಿಯ ಅಂಗಡಿ ಬಾಗಿಲುಗಳಿಗೂ ಅದಕ್ಕೂ ಏನು ನಂಟು ಎಂದು ಕೇಳಬಹುದು. ನಂಟು ದೂರದ್ದೇ. ಆದರೂ ಮನಸ್ಸು ಮೊದಲು ಹೊರಗಿನ ಓಟವನ್ನು ನಿಲ್ಲಿಸಲಿ, ನಂಬಿಕೆಯ ಮಾತು ಆಮೇಲೆ ಎಂಬ ಆ ಕ್ರಮದಲ್ಲಿ ಒಂದು ವಿವೇಕವಿದೆ. ನಾವು ಸಾಮಾನ್ಯವಾಗಿ ಭಾವಿಸುವುದು ಇದಕ್ಕೆ ವಿರುದ್ಧವಾಗಿ: ನಂಬಿಕೆಯಿದ್ದರೆ ಆಚರಣೆ, ನಂಬಿಕೆ ಹೋದರೆ ಆಚರಣೆ ಬರಿಯ ಸೋಗು. ಲೈಪ್‌ಜಿಗ್‌ನ ಆ ದಿನಗಳು ನನಗೆ ಸೋಗಾಗಿ ಕಾಣಲಿಲ್ಲ. ದಿನದ ಅರ್ಥವನ್ನು ಹೇಳುವ ಮಾತುಗಳು ಅಲ್ಲಿಯ ಜ್ಞಾಪಕದಿಂದ ಅಳಿದುಹೋಗಿವೆ. ನಿಲ್ಲುವ ಅಭ್ಯಾಸ ಅಳಿದಿಲ್ಲ. ಅರ್ಥವು ಮುಂದೆಂದಾದರೂ ಮರಳಿ ಬರುವುದಾದರೆ ಅದಕ್ಕೆ ಇಳಿದುಕೊಳ್ಳಲು ಒಂದು ಸ್ಥಳ ಉಳಿದಿದೆ. ಬಾರದೆಯೂ ಹೋಗಬಹುದು. ಆಗಲೂ ಆ ದಿನಗಳು ವ್ಯರ್ಥವೆಂದು ಹೇಳಲು ನನಗೆ ಬಾಯಿ ಬಾರದು.

ಇಷ್ಟು ಹೇಳಿದ ಮೇಲೆ ಮನಸ್ಸಿನಲ್ಲಿ ಉಳಿದಿರುವ ಮುಳ್ಳನ್ನೂ ಹೇಳಿಬಿಡಬೇಕು. ನಾನು ಹತ್ತಿದ ಟ್ರಾಮನ್ನು ಒಬ್ಬರು ನಡೆಸುತ್ತಿದ್ದರು. ನಾನು ಉಂಡ ಊಟವನ್ನು ಯಾರೋ ಬೇಯಿಸಿದ್ದರು. ವಸತಿಗೃಹದ ನನ್ನ ಕೋಣೆಯನ್ನು ಗುಡಿಸಿದವರು, ಅವರ ನುಡಿಯಿಂದ ಊಹಿಸುವುದಾದರೆ, ನನ್ನಂತೆಯೇ ದೂರದಿಂದ ಬಂದವರು. ಆಸ್ಪತ್ರೆಗಳಲ್ಲಿ ದಾದಿಯರಿಗೆ ಶುಭ ಶುಕ್ರವಾರವೂ ಇಲ್ಲ, ಈಸ್ಟರೂ ಇಲ್ಲ. ಊರೆಲ್ಲ ನಿಲ್ಲಬೇಕಾದರೆ ಕೆಲವರು ನಿಲ್ಲದೆ ಇರಬೇಕು; ಆ ಕೆಲವರು ಯಾರೆಂಬುದನ್ನು ಗೊತ್ತುಮಾಡುವುದು ಬಹುಮಟ್ಟಿಗೆ ಬಡತನ. ಕಾನ್‌ಸ್ಟಂಟೈನನ ಕಾಲದಲ್ಲಿ ಬೇಸಾಯಗಾರನು ನಿಂತಿದ್ದ ಜಾಗದಲ್ಲಿ ಇಂದು ಇವರು ನಿಂತಿದ್ದಾರೆ. ಆಳಿಗೂ ಪರದೇಶಿಗೂ ಬಿಡುವಿರಲಿ ಎಂಬ ಹಳೆಯ ಆಜ್ಞೆಯನ್ನು ಅದರ ಪೂರ್ಣಾರ್ಥದಲ್ಲಿ ಪಾಲಿಸಿದ ಊರು ಭೂಮಿಯ ಮೇಲೆ ಎಲ್ಲಿಯೂ ಇದ್ದಂತಿಲ್ಲ. ನಮ್ಮ ಸೋಮವಾರದ ಎತ್ತುಗಳೇ ಈ ವಿಷಯದಲ್ಲಿ ಹೆಚ್ಚು ಭಾಗ್ಯಶಾಲಿಗಳು, ಅವೂ ಟ್ರಾಕ್ಟರು ಬಂದ ಮೇಲೆ ವಿರಳವಾಗುತ್ತಿವೆ.

ಲೈಪ್‌ಜಿಗ್ ಇರುವ ಸ್ಯಾಕ್ಸನಿ ರಾಜ್ಯದ ಇನ್ನೊಂದು ಹಬ್ಬದ ವಿಷಯವನ್ನು ಹೇಳದೆ ಮುಗಿಸಿದರೆ ಅಲ್ಲಿಯ ಜನರ ಸ್ವಭಾವ ಪೂರ್ಣವಾಗಿ ತಿಳಿಯದು. ನವೆಂಬರ್ ತಿಂಗಳಿನ ಒಂದು ಬುಧವಾರ ಪ್ರಾಟೆಸ್ಟಂಟರಿಗೆ ಪ್ರಾಯಶ್ಚಿತ್ತ ಮತ್ತು ಪ್ರಾರ್ಥನೆಯ ದಿನ. 1995ರಲ್ಲಿ ವೃದ್ಧರ ಮತ್ತು ಅಶಕ್ತರ ಶುಶ್ರೂಷೆಗಾಗಿ ಹೊಸ ವಿಮೆಯೊಂದನ್ನು ತಂದಾಗ, ಮಾಲಿಕರ ಪಾಲಿನ ವೆಚ್ಚವನ್ನು ತುಂಬಿಕೊಡಲು ಒಂದು ರಜೆಯನ್ನು ಕಡಿಮೆ ಮಾಡಬೇಕೆಂದು ಗೊತ್ತಾಯಿತು. ಉಳಿದ ರಾಜ್ಯಗಳೆಲ್ಲ ಈ ಬುಧವಾರವನ್ನು ಬಿಟ್ಟುಕೊಟ್ಟವು. ಸ್ಯಾಕ್ಸನಿಯೊಂದು ಒಪ್ಪಲಿಲ್ಲ. ಆದ್ದರಿಂದ ಆ ರಾಜ್ಯದ ನೌಕರನು ಆ ವಿಮೆಗೆ ತನ್ನ ಸಂಬಳದಿಂದ ಬೇರೆ ರಾಜ್ಯಗಳವನಿಗಿಂತ ಶೇಕಡ ಅರ್ಧದಷ್ಟು ಹೆಚ್ಚಾಗಿ ಇಂದಿಗೂ ತೆರುತ್ತಿದ್ದಾನೆ. ಪ್ರಾಯಶ್ಚಿತ್ತದಲ್ಲಿಯೂ ಪ್ರಾರ್ಥನೆಯಲ್ಲಿಯೂ ವಿಶ್ವಾಸವಿಲ್ಲದ ಜನ ಅವುಗಳಿಗೆ ಮೀಸಲಾದ ದಿನಕ್ಕಾಗಿ ಪ್ರತಿ ತಿಂಗಳೂ ಕೈಯಿಂದ ಹಣ ಕೊಡುತ್ತಾರೆ. ಆ ದಿನ ಬಂದಾಗ ಅವರಲ್ಲಿ ಅನೇಕರು ರೈಲು ಹತ್ತಿ, ಅಂಗಡಿಗಳು ತೆರೆದಿರುವ ನೆರೆರಾಜ್ಯಗಳ ಪೇಟೆಗಳಿಗೆ ಹೋಗುತ್ತಾರೆ. ಬರ್ಲಿನ್ನಿನ ವರ್ತಕರಿಗೆ ಆ ಬುಧವಾರ ಒಳ್ಳೆಯ ವ್ಯಾಪಾರವೆಂದು ಕೇಳಿದ್ದೇನೆ.